ಫಿಯಟ್ ಬಿಡುವವಳು

ಡೊಂಬಿವಲಿ (ಪೂರ್ವ)
೮ ನವೆಂಬರ್ ೧೯೯೭

ಪ್ರೀತಿಯ ವಾರಿಜಾ,

ಆಶೀರ್ವಾದಗಳು. ನಾನೂ ಮನೀಷನೂ ಕ್ಷೇಮ. ಕೋಪರಖೈರಣೆಯಲ್ಲಿ ನೀವೆಲ್ಲ ಮದುವೆಯ ಗಡಿಬಿಡಿಯಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿ ಕಳೆದು ಇಷ್ಟು ದಿನವಾದರೂ ನಾನು ಫೋನು ಮಾಡಲಿಲ್ಲ. ನಿನ್ನ ಫೋನು ಬಂದಾಗ ಮನೀಷನ ಬಾಯಲ್ಲಿ "ಸ್ನಾನಕ್ಕೆ ಹೋಗಿದ್ದಾಳೆ" ಎಂದು ಹೇಳಿಸಿದೆ. ತಪ್ಪು ತಿಳಿಯಬೇಡ ಎಂದು ಬರೆಯಲು ಹೊರಟಿದ್ದೆ. ಬೇಡ, ತಪ್ಪೇ ತಿಳಿ. ನಾನು ಸ್ನಾನಕ್ಕೆ ಹೋಗಿರಲಿಲ್ಲ, ಫೋನಿನ ಪಕ್ಕದಲ್ಲೇ ಕೂತಿದ್ದೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನೀನು ಅತ್ತರೆ ನನ್ನ ಸಿಟ್ಟು ಇಳಿದುಬಿಡುತ್ತದೆ. ಈ ಸಲ ಅದು ಇಳಿಯುವುದು ನನಗೆ ಬೇಡ, ಅದಕ್ಕೇ ಈ ಕಾಗದ.

ಪಾಡ್ಯದ ದಿನ ನಿನ್ನ ಯಜಮಾನರು ಪುಂಡರೀಕಾಕ್ಷಣ್ಣ ಮಗಳು ದಿಶಾಳ ಮದುವೆಗೆ ಕರೆಯಲು ಬಂದಿದ್ದರಲ್ಲ, ಅವರು ಮನೆಗೆ ಬಂದು ನಿನಗೆ ಏನು ಹೇಳಿದರೋ ಗೊತ್ತಿಲ್ಲ. ಇಲ್ಲಿ ನಡೆದದ್ದನ್ನು ನನ್ನಿಂದಲೇ ಕೇಳು. ಕವರಿನ ಮೇಲೆ "ಶ್ರೀ ಮನೀಷ್ ಮತ್ತು ತಾಯಿ" ಎಂದು ಬರೆದಿತ್ತು. ಇಷ್ಟು ವರ್ಷ ನಿಮ್ಮ ಮನೆಗೆಲ್ಲ ಜಯಕ್ಕನಾಗಿದ್ದವಳು ಇವರು ತೀರಿಕೊಂಡ ಒಂದೇ ವರ್ಷದಲ್ಲಿ "ಮತ್ತು ತಾಯಿ" ಆಗಿಬಿಟ್ಟೆ. ಹೋಗಲಿ ಎಂದು ನುಂಗಿಕೊಂಡೆ. ಚಹಾ ಕೊಟ್ಟೆ, ಕಡುಬು ಕೊಟ್ಟೆ, ಪುಂಡರೀಕಾಕ್ಷಣ್ಣ ಎರಡನೇ ಸಲ ಹಾಕಿಸಿಕೊಂಡು ತಿಂದರು. ಆಮೇಲೆ ಕರವಸ್ತ್ರದಲ್ಲಿ ಬಾಯೊರೆಸಿಕೊಳ್ಳುತ್ತಾ, ಕಿಟಕಿಯಿಂದ ಕೆಳಗೆ ನಿಂತಿದ್ದ ನನ್ನ ಕಾರಿನ ಕಡೆ ನೋಡಿ, "ಮದುವೆ ದಿನಕ್ಕೆ ನಿಮ್ಮ ಫಿಯಟ್ ಒಂದು ಬೇಕಿತ್ತು ಜಯಕ್ಕ. ದಿಶಾಂದು ಒಂದೇ ಹಠ, ಮದುವೆ ಹಾಲಿಗೆ ಹೋದ್ರೆ ಅದ್ರಲ್ಲೇ ಹೋಗುದಂತೆ" ಎಂದರು.

"ಅದನ್ನು ಕೇಳ್ಲಿಕ್ಕುಂಟಾ ಅಣ್ಣ? ಎಷ್ಟು ಗಂಟೆಗೆ ಅಂತ ಹೇಳಿ, ಬಂದು ನಿಲ್ತೇನೆ" ಎಂದೆ.

ಅವರಿಗೆ ಕೆಮ್ಮು ಬಂತು. "ಅಲ್ಲ, ನಿಮ್ಗೆ ಯಾಕೆ ಸುಮ್ನೆ ತೊಂದ್ರೆ? ಕಾರು ಬಿಡ್ಲಿಕ್ಕೆ ವಾರಿಜಾನ ತಮ್ಮ ಇದ್ದಾನೆ. ಮುನ್ನಾ ದಿನ ಬಂದು ತಕ್ಕೊಂಡು ಹೋಗ್ತಾನೆ. ನೀವು ಆರಾಮಲ್ಲಿ ಬಸ್ಸಲ್ಲಿ ಬನ್ನಿ, ಡೊಂಬಿವಲಿಯವ್ರಿಗೆ ಅಂತಲೇ ಒಂದು ಬಸ್ ಮಾಡಿದ್ದೇವೆ."

ನಾನೆಂಥ ಪೆದ್ದಿ ನೋಡು, ಆಗಲೂ ನನಗೆ ಹೊಳೆಯಲಿಲ್ಲ. ಅವನು ಮಾರುತಿ ವ್ಯಾನು ಬಿಡುವವನು, ಸ್ಟೀರಿಂಗಿನ ಪಕ್ಕದ ಹ್ಯಾಂಡ್ ಗೇರು ಅವನಿಗೆ ಎಲ್ಲಿ ಗೊತ್ತು, ನಾನೇ ಬರುತ್ತೇನೆ ಎಂದು ವಾದಿಸುತ್ತಾ ಕೂತೆ. ಕೊನೆಗೆ ಅವರು ನೆಲ ನೋಡಿಕೊಂಡು, "ನನ್ಗೆ ಏನಿಲ್ಲ ಜಯಕ್ಕ. ಹಿರಿಯರು ಹೇಳ್ತಾರೆ. ಮದುಮಗಳು ಮನೆಯಿಂದ ಹೊರಡುವಾಗ ಜೊತೆಗೆ ಮುತ್ತೈದೆಯರೇ... ನಿಮ್ಗೂ ಗೊತ್ತುಂಟಲ್ಲ" ಎಂದರು.

ಆಗ ತಲೆಗೆ ಹೋಯಿತು. ಕಾರು ಬೇಕು, ನಾನು ಬೇಡ.

ಅವರು ಹೋದಮೇಲೆ ಕಡುಬು ತಿಂದ ಆ ತಟ್ಟೆಯನ್ನು ನಾನು ತೊಳೆಯಲಿಲ್ಲ, ಹಾಗೇ ಸಿಂಕಿಗೆ ಎಸೆದೆ. ಒಡೆಯಿತು. ಮನೀಷ ಓಡಿಬಂದು "ಕ್ಯಾ ಹುವಾ ಮಮ್ಮಿ?" ಎಂದ. ಅವನಿಗೆ ಏನೆಂದು ಹೇಳಲಿ? ಹೇಳಿದರೆ ಅವನದು ಒಂದೇ ಮಾತು, "ಬೇಚ್ ಡಾಲೋ ನಾ ಯೇ ಡಬ್ಬಾ. ಆಗೇ ಪಾರ್ಟ್ಸ್ ಭೀ ನಹೀ ಮಿಲೇಗಾ." ಇನ್ನು ಇದರ ಬಿಡಿಭಾಗ ಸಿಗುವುದಿಲ್ಲವಂತೆ, ಅವನಿಗೆ ಒಂದು ಮಾರುತಿ ಬೇಕಂತೆ. ತೆಗೆದುಕೊಳ್ಳಲಿ, ಒಳ್ಳೆಯ ಗಾಡಿಯೇ, ನಾನು ಬೇಡವೆಂದದ್ದುಂಟೇ? ನನ್ನದನ್ನು ಮಾರಿ ತೆಗೆದುಕೊಳ್ಳುವುದು ಬೇಡ ಎಂದಿದ್ದೇನೆ ಅಷ್ಟೆ.

ವಾರಿಜಾ, ನೀನು ಬಹಳ ಮರೆತಂತೆ ಕಾಣುತ್ತದೆ, ಅದಕ್ಕೆ ನೆನಪು ಮಾಡಿಕೊಡುತ್ತೇನೆ. ಮುಲ್ಕಿಯಲ್ಲಿ ನನ್ನ ಸೋದರಮಾವ ಬಾಡಿಗೆಗೆ ಓಡಿಸುತ್ತಿದ್ದದ್ದು ಫಿಯಟ್. ಅವರು ಊಟ ಮಾಡಿ ಮಲಗಿದಾಗ ಕೀ ಕದ್ದು ಶಾಲೆಯ ಮೈದಾನದಲ್ಲಿ ಸುತ್ತು ಹೊಡೆದು ಕಲಿತವಳು ನಾನು. ಸೀಟಿನ ಮೇಲೆ ದಿಂಬು ಇಟ್ಟುಕೊಳ್ಳದಿದ್ದರೆ ಎದುರು ಕಾಣುತ್ತಿರಲಿಲ್ಲ, ಅಷ್ಟು ಸಣ್ಣವಳು. ಸಿಕ್ಕಿಬಿದ್ದಾಗ ಮಾವ ಹೊಡೆಯಲಿಲ್ಲ, ಬಾನೆಟ್ ಎತ್ತಿ ಒಳಗಿನದನ್ನೆಲ್ಲ ತೋರಿಸಿದರು. ಅಂದಿನಿಂದ ನನಗೆ ಬೇರೆ ಯಾವ ಕಾರೂ ಕಣ್ಣಿಗೆ ಹಿಡಿಸಿಲ್ಲ. ಎಪ್ಪತ್ತಾರರಲ್ಲಿ ನಾವಿಬ್ಬರೂ ಮಾನಪಾಡಾ ರಸ್ತೆಯ ಚಾಳಿನಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ಇದ್ದಾಗ, ನನ್ನ ಬಳೆಗಳನ್ನು ಕೊಟ್ಟು ಠಾಣೆಯ ಒಬ್ಬ ಮುದುಕ ಡಾಕ್ಟರರ ಹಳೆಯ ಫಿಯಟ್ ತಂದೆನಲ್ಲ, ಹಾಲಿನ ಬಣ್ಣದ್ದು? ಚಾಳಿನಲ್ಲಿ ನೀರಿಗೆ ಗತಿಯಿಲ್ಲ, ಇವಳಿಗೆ ಕಾರು ಬೇಕಂತೆ ಎಂದು ಎಲ್ಲರೂ ನಕ್ಕರು, ನೀನೂ ನಕ್ಕೆ. ಆ ಮಳೆಗಾಲದಲ್ಲಿ ನಿನಗೆ ಹೆರಿಗೆ ನೋವು ಬಂದಾಗ ನಗುವವರು ಯಾರೂ ಇರಲಿಲ್ಲ. ಪುಂಡರೀಕಾಕ್ಷಣ್ಣ ಚಪ್ಪಲಿ ಸಿಕ್ಕುವುದಿಲ್ಲವೆಂದು ಚಾಳಿನ ಉದ್ದಕ್ಕೂ ಓಡಾಡುತ್ತಿದ್ದರು. ಪತ್ರೀಪೂಲು ಸೇತುವೆಯ ಹತ್ತಿರ ಮೊಣಕಾಲುದ್ದ ನೀರು, ಬಸ್ಸು ರಿಕ್ಷಾ ಎಲ್ಲ ನಿಂತಿದ್ದವು. ನಾನು ನೀರು ತಾಗಿ ಎಂಜಿನ್ ನಿಲ್ಲದಂತೆ ಡಿಸ್ಟ್ರಿಬ್ಯೂಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಒಂದನೇ ಗೇರಿನಲ್ಲೇ ಕಾರನ್ನು ಆ ನೀರಿನಿಂದ ದಾಟಿಸಿ ನಿನ್ನನ್ನು ಕಲ್ಯಾಣದ ಆಸ್ಪತ್ರೆಗೆ ಮುಟ್ಟಿಸಿದೆ. ದಿಶಾ ಮನೆಗೆ ಬಂದದ್ದೂ ಅದೇ ಕಾರಿನಲ್ಲಿ.

ಅದು ಹಳತಾದ ಮೇಲೆ ಎಂಬತ್ಮೂರರಲ್ಲಿ ಎರಡನೆಯದು. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಹೊಸ ಗಾಡಿ. ಅಷ್ಟರಲ್ಲಿ ಹೆಸರು ಬದಲಾಗಿ ಪ್ರೀಮಿಯರ್ ಪದ್ಮಿನಿ ಆಗಿತ್ತು. ಗಾಡಿಯ ಹಿಂದೆ ಏನು ಬೇಕಾದರೂ ಬರೆದುಕೊಳ್ಳಲಿ, ಬಾನೆಟ್ ಎತ್ತಿದರೆ ಒಳಗೆ ನನ್ನ ಮಾವ ತೋರಿಸಿದ್ದೇ ಇತ್ತು. ಅದರಲ್ಲಿ ಪ್ರತಿ ಮೇ ತಿಂಗಳು ಊರಿಗೆ ಹೋಗುತ್ತಿದ್ದೆವು. ದಾರಿಯಲ್ಲಿ ಮಹಾಡದ ಬಿಸಿಲಿಗೆ ಎಂಜಿನ್ನಿಗೆ ಪೆಟ್ರೋಲ್ ಕೊಡುವ ಪಂಪು ಕಾದು ಗಾಡಿ ನಿಂತರೆ ಬಟ್ಟೆ ಒದ್ದೆ ಮಾಡಿ ಅದಕ್ಕೆ ಸುತ್ತಿ ತಣಿಸುವವಳು ನಾನು. ಇವರು ರಸ್ತೆಯ ಬದಿಗೆ ಕೂತು ಕಲ್ಲಂಗಡಿ ತಿನ್ನುತ್ತಾ "ಆಯ್ತಾ?" ಎಂದು ಕೇಳುವವರು. ತೊಂಬತ್ತೊಂದರಲ್ಲಿ ಈಗಿನ ತಿಳಿನೀಲಿ ಬಂತು. ಆಗ ನಮ್ಮವರೆಲ್ಲ ಸಾಲಾಗಿ ಮಾರುತಿಗೆ ಹೋಗಿಯಾಗಿತ್ತು, ನಿನ್ನ ಮನೆಯಲ್ಲಿ ವ್ಯಾನು ಬಂದಿತ್ತು. "ಜಯಕ್ಕನಿಗೆ ಹುಚ್ಚು, ಈ ಕಾಲದಲ್ಲಿ ಮತ್ತೆ ಫಿಯಟ್!" ಎಂದು ನೀನೇ ಅಂದಿದ್ದೆ. ಹುಚ್ಚು ಹೌದು. ಅದು ನನ್ನ ಹುಚ್ಚು.

ಅದೇ ನನಗೆ ಉರಿಯುವುದು. ಇವರು ಹೋದಾಗ ಮಾತಾಡಿಸಲು ಬಂದವರೆಲ್ಲ ನನ್ನ ಎದುರೇ ಕೂತು, "ಅಯ್ಯೋ, ಸರ್ವೋತ್ತಮಣ್ಣನಿಗೆ ಕಾರಂದ್ರೆ ಪ್ರಾಣ. ಇನ್ನು ಅದನ್ನು ಯಾರು ನೋಡ್ತಾರೆ?" ಎಂದು ಮರುಗಿದರು. ನಮ್ಮವರ ಸಂಘದ ಸಂತಾಪ ಸಭೆಯಲ್ಲಿ "ಫಿಯಟ್ ಸರ್ವೋತ್ತಮ ಎಂದೇ ಪ್ರಸಿದ್ಧರಾಗಿದ್ದ" ಎಂದು ಭಾಷಣ ಮಾಡಿದರು. ಫಿಯಟ್ ಸರ್ವೋತ್ತಮ! ಆ ಪುಣ್ಯಾತ್ಮರಿಗೆ ಕ್ಲಚ್ಚು ಯಾವುದು ಬ್ರೇಕು ಯಾವುದೆಂದು ಗೊತ್ತಿರಲಿಲ್ಲ. ಒಮ್ಮೆ ನಾನು ಕಲಿಸಹೋದಾಗ, ಕಾಟೈ ನಾಕಾದ ಹತ್ತಿರ ಎಮ್ಮೆಗಳಿದ್ದ ಹೊಂಡಕ್ಕೆ ಕಾರನ್ನು ಇಳಿಸಿದ ಮೇಲೆ ಅವರು ಡ್ರೈವರನ ಕಡೆಯ ಬಾಗಿಲನ್ನೂ ತೆರೆದವರಲ್ಲ. ಮಹಾಪೆಯಲ್ಲಿ ಅವರು ನಡೆಸುತ್ತಿದ್ದ ಕ್ಯಾಂಟೀನಿಗೆ ದಿನಾ ಬೆಳಿಗ್ಗೆ ಬಿಟ್ಟು ಬರುತ್ತಿದ್ದವಳು ನಾನು. ಅವರು ಎಡಗಡೆ ಕೂತು ತೊಡೆಯ ಮೇಲೆ ತರಕಾರಿಯ ಚೀಲ ಇಟ್ಟುಕೊಂಡು ಪೇಪರು ಓದುತ್ತಿದ್ದರು. ಯಾರಾದರೂ ಕಾರನ್ನು ಹೊಗಳಿದರೆ "ನಂದಲ್ಲ ಮಾರಾಯ್ರೆ, ಅವಳದ್ದು. ನಾನು ಪ್ಯಾಸೆಂಜರು" ಎಂದು ನಗುತ್ತಿದ್ದರು. ಅದನ್ನು ತಮಾಷೆ ಎಂದು ನೀವೆಲ್ಲ ತಿಳಿದಿರಿ. ನಿಮ್ಮ ಲೆಕ್ಕದಲ್ಲಿ ಅವರು ಬದುಕಿರುವವರೆಗೆ ಕಾರು ಅವರದ್ದು, ನಾನು ಡ್ರೈವರು. ಅವರು ಠಾಣೆಯ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಡ್ರೈವರಿಯೂ ಹೋಯಿತೇ?

ಡೊಂಬಿವಲಿಯಲ್ಲಿ ನಮ್ಮವರ ಹುಡುಗಿಯರು ಮದುಮಗಳಾಗಿ ಮದುವೆ ಹಾಲಿಗೆ ಹೋಗಿದ್ದರೆ ನನ್ನ ಕಾರಿನಲ್ಲೇ ಹೋಗಿದ್ದಾರೆ. ಇದು ಯಾರೂ ಮಾಡಿದ ಶಾಸ್ತ್ರವಲ್ಲ, ಹಾಗೇ ಆಗಿಬಂತು. ಫಿಯಟ್ಟಿನ ಮುಂದಿನ ಸೀಟು ಸೋಫಾದ ಹಾಗೆ ಒಂದೇ ಉದ್ದ. ಗೇರು ನೆಲದಲ್ಲಿಲ್ಲ, ಸೀರೆಯ ನೆರಿಗೆ ಮುದುಡದಂತೆ ಹರಡಿಕೊಂಡು ಕೂರಬಹುದು. ಡ್ರೈವರು ಹೊರಗಿನವನಾದರೆ ಮದುಮಗಳನ್ನು ಮುಂದೆ ಕೂರಿಸುವಂತಿಲ್ಲ, ಹೆಂಗಸು ಬಿಡುವುದಾದರೆ ಆ ಸಂಕೋಚವಿಲ್ಲ. ಮುಂದಿನ ಗಾಜಿನಿಂದ ಹಾರ ಹಾಕಿಕೊಂಡ ಹುಡುಗಿಯ ಮುಖ ಬೀದಿಗೆಲ್ಲ ಕಾಣಿಸುತ್ತದೆ. ಒಬ್ಬರದಾಯಿತು, ಮತ್ತೊಬ್ಬರು ಕೇಳಿದರು, ಆ ಹುಡುಗಿಯರೆಲ್ಲ ಚೆನ್ನಾಗಿ ಬಾಳಿದರು. ಕಾಲ್ಗುಣ ಒಳ್ಳೆಯದು ಎಂದರು. ಕಾರಿನದೋ ನನ್ನದೋ ಎಂದು ಆಗ ಯಾರೂ ಬಿಡಿಸಿ ಹೇಳಲಿಲ್ಲ. ಈಗ ಬಿಡಿಸಿ ಹೇಳಿದಿರಿ. ದಿಶಾ ಐದು ವರ್ಷದವಳಿದ್ದಾಗಲೇ "ಆಂಟಿ, ಮೇರೇ ಶಾದೀ ಮೇ ಭೀ" ಎಂದು, ತನ್ನ ಮದುವೆಗೂ ನಾನೇ ಬಿಡಬೇಕೆಂದು ಮಾತು ತೆಗೆದುಕೊಂಡಿದ್ದಳು. ನಾನು ಕಾದದ್ದು ಆ ಒಂದು ಮದುವೆಗೆ.

ಹಿರಿಯರು ಹೇಳುತ್ತಾರಂತೆ. ಯಾವ ಹಿರಿಯರು ವಾರಿಜಾ? ನಮ್ಮ ಕಡೆ ಮನೆಯ ಯಜಮಾನಿಕೆ ಅಜ್ಜಿಯಂದಿರದು. ನನ್ನಜ್ಜಿ ಗಂಡ ಹೋದಮೇಲೆ ಇನ್ನೂ ಜೋರಾದವರು, ಮದುವೆಯ ಚಪ್ಪರದಲ್ಲಿ ಅವರನ್ನು ಕೇಳದೆ ಒಂದು ಬಾಳೆಲೆ ಹಾಸುವಂತಿರಲಿಲ್ಲ. ಊರಿನಲ್ಲಿ ಇಲ್ಲದ ಮಡಿ ನಿಮಗೆ ಕೋಪರಖೈರಣೆಯ ಯಾವ ಸೆಕ್ಟರಿನಲ್ಲಿ ಸಿಕ್ಕಿತು?

ನನ್ನ ಮಾತು ಇಷ್ಟೇ. ಕಾರು ಬಂದರೆ ನಾನೂ ಬರುತ್ತೇನೆ, ನಾನೇ ಬಿಡುತ್ತೇನೆ. ಇಲ್ಲವಾದರೆ ಎರಡೂ ಇಲ್ಲ, ಬೇರೆ ಗಾಡಿ ಮಾಡಿಕೊಳ್ಳಿ, ಮುಂಬಯಿಯಲ್ಲಿ ಬಾಡಿಗೆಗೆ ಬೇಕಾದಷ್ಟು ಸಿಗುತ್ತವೆ. ಮಗಳಿಗೆ ನನ್ನ ಮನಸಾರೆ ಆಶೀರ್ವಾದ ಹೇಳು. ನಿನಗೂ ಇರಲಿ, ಸಿಟ್ಟಿದ್ದರೂ ಅದನ್ನು ತಪ್ಪಿಸಲಾರೆ.

ನಿನ್ನ
ಜಯಕ್ಕ

ವಿ.ಸೂ.: ನಿನ್ನ ಯಜಮಾನರು ಓಡುವ ಭರದಲ್ಲಿ ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದಾರೆ. ಬೇಕಾದರೆ ಬಂದು ತೆಗೆದುಕೊಂಡು ಹೋಗಲಿ, ಹೊಡೆಯುವುದಿಲ್ಲ.


ಡೊಂಬಿವಲಿ (ಪೂರ್ವ)
೧೪ ಡಿಸೆಂಬರ್ ೧೯೯೭

ವಾರಿಜಾ,

ಮದುವೆಯಾಗಿ ಎರಡು ವಾರವಾಯಿತು. ನೀನು ಸೀರೆ ಕಳಿಸಿದ್ದೀಯ, ಲಾಡು ಕಳಿಸಿದ್ದೀಯ, "ಊಟ ಮಾಡದೆ ಯಾಕೆ ಹೋದಿರಿ" ಎಂದು ಚೀಟಿಯನ್ನೂ ಇಟ್ಟಿದ್ದೀಯ. ಉತ್ತರ ಬರೆಯಲು ತಡವಾಯಿತು. ಕೂತಾಗಲೆಲ್ಲ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ. "ಪ್ರೀತಿಯ" ಎಂದು ಮೊದಲು ಬರೆದು ಹೊಡೆದುಹಾಕಿದ್ದರಿಂದ ಬೇರೆ ಹಾಳೆ ತೆಗೆದುಕೊಂಡೆ.

ನನ್ನ ಕಾಗದ ಸಿಕ್ಕಿದ ದಿನವೇ ನೀನು ಫೋನು ಮಾಡಿ ಅತ್ತೆಯಲ್ಲ. "ನೀವಲ್ಲದೆ ಮತ್ಯಾರು ಬಿಡುದು ಜಯಕ್ಕ? ನಮ್ಮ ಮನೆಯವ್ರಿಗೆ ಬುದ್ಧಿ ಇಲ್ಲ. ನೀವೇ ಬರ್ಬೇಕು, ನನ್ನ ಆಣೆ" ಎಂದೆ. ನಾನು ನಂಬಿದೆ. ಸಿಟ್ಟೆಲ್ಲ ಅಲ್ಲೇ ಇಳಿಯಿತು. ಮಾರನೇ ದಿನವೇ ಜಟ್ಟೆಪ್ಪನ ಗ್ಯಾರೇಜಿಗೆ ಹೋದೆ. ನಿನಗೆ ಅವನು ಗೊತ್ತಿಲ್ಲ, ಬಿಜಾಪುರದ ಕಡೆಯವನು, ಈ ಊರಿನಲ್ಲಿ ಫಿಯಟ್ ಎಂದರೆ ಮುಖ ಅರಳುವ ಮೆಕ್ಯಾನಿಕ್ಕು ಈಗ ಅವನೊಬ್ಬನೇ. ಪಾಯಿಂಟು, ಪ್ಲಗ್ಗು, ಕಾರ್ಬುರೇಟರು ಎಲ್ಲ ಬಿಚ್ಚಿ ತೊಳೆದು ಕೂರಿಸಿದ. ಬಂಪರನ್ನು ನಾನೇ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ. "ಅಕ್ಕಾರ, ಇಷ್ಟ್ ತಿಕ್ಕಾಕತ್ತೀರಲ್ರಿ, ಲಗ್ನಾ ಮಗಳದೇನ್ರಿ?" ಎಂದು ಕೇಳಿದ. ಹೌದು ಎಂದೆ.

ಆ ಬೆಳಿಗ್ಗೆ ಇವರು ತಂದುಕೊಟ್ಟಿದ್ದ ಹಸಿರು ರೇಷ್ಮೆ ಉಟ್ಟೆ. ಇವರು ಹೋದಮೇಲೆ ಅದನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ಶಿಳ್‌ಫಾಟಾ ದಾಟಿ ಮಹಾಪೆಯ ಏರಿನಲ್ಲಿ ಗಾಡಿ ಎಷ್ಟು ಹಗುರವಾಗಿ ಹತ್ತಿತೆಂದರೆ ನನಗೆ ಒಬ್ಬಳಿಗೇ ನಗು ಬಂತು. ನಿಮ್ಮ ಬಿಲ್ಡಿಂಗಿನ ಕೆಳಗೆ ನಿಲ್ಲಿಸಿದಾಗ ಮಕ್ಕಳು ಓಡಿಬಂದು ಹೂವಿನ ಸರ ಕಟ್ಟಿದರು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ದಿಶಾ ಇಳಿದು ಬಂದಳು. ನೀನು ಅವಳ ನೆರಿಗೆ ಹಿಡಿದುಕೊಂಡಿದ್ದೆ. ಎಲ್ಲ ಸರಿಯಾಗಿತ್ತು ವಾರಿಜಾ, ಆ ಕ್ಷಣದವರೆಗೂ.

ಆಮೇಲೆ ನಿನ್ನ ಗಂಡನ ಅಕ್ಕ ಸತ್ಯಮ್ಮ ಮೆಟ್ಟಿಲ ಮೇಲಿಂದಲೇ, "ಎಲ್ಲ ಸರಿ, ಕಾರು ಬಿಡುದು ಯಾರು? ಇವ್ರಾ?" ಎಂದರು. ಬೀದಿಗೆ ಕೇಳುವಂತೆ ಅಂದರು. ಬ್ಯಾಂಡಿನವರೂ ನಿಲ್ಲಿಸಿದರು. "ಇಷ್ಟೆಲ್ಲ ಖರ್ಚು ಮಾಡಿ ಮೊದಲ ಹೆಜ್ಜೆಗೇ ಇದು ಬೇಕಿತ್ತಾ ನಿಮ್ಗೆ?" ಎಂದು ತಮ್ಮನ ಕಡೆ ತಿರುಗಿದರು. ಪುಂಡರೀಕಾಕ್ಷಣ್ಣ ಅಂಗಿಯ ಗುಂಡಿ ನೋಡಿಕೊಂಡರು. ದಿಶಾ "ಮಮ್ಮಿ, ಜಯಾ ಆಂಟಿ ಹೀ ಚಲಾಯೇಗೀ. ತೂನೇ ಬೋಲಾ ಥಾ ನಾ?" ಎಂದು ನೀನು ಕೊಟ್ಟ ಮಾತನ್ನು ನೆನಪಿಸಿದಳು. "ಮದುಮಗಳು ಮಾತಾಡ್ಬಾರ್ದು" ಎಂದು ಸತ್ಯಮ್ಮ ಅವಳ ಬಾಯಿ ಮುಚ್ಚಿಸಿದರು.

ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರು ನನಗೆ ಯಾರು? ನಾನು ನೋಡಿದ್ದು ನಿನ್ನ ಮುಖ. ನೀನು ನೆರಿಗೆ ಸರಿಮಾಡುತ್ತಲೇ ಇದ್ದೆ. ಸರಿಯಾಗಿದ್ದ ನೆರಿಗೆಯನ್ನೇ ಮತ್ತೆ ಮತ್ತೆ ಸರಿಮಾಡಿ, ತಲೆ ಎತ್ತದೆ, "ಜಯಕ್ಕ, ಕೀ ಒಂದು ಕೊಟ್ಬಿಡಿ. ನೀವು ಹಿಂದೆ ಬಸ್ಸಲ್ಲಿ ಬನ್ನಿ. ಇವತ್ತೊಂದು ದಿನ" ಎಂದೆ.

ನಾನು ಅಲ್ಲೇ ಕೀ ತಿರುಗಿಸಿ ಡೊಂಬಿವಲಿಗೆ ಹೊರಟುಬಿಡಬಹುದಿತ್ತು. ಯಾರು ತಡೆಯುತ್ತಿದ್ದರು? ಆದರೆ ದಿಶಾಳ ಕಾಡಿಗೆ ಕರಗಿ ಇಳಿಯಲು ಶುರುವಾಗಿತ್ತು. ಮದುವೆಯ ಬೆಳಿಗ್ಗೆ ಬಾಗಿಲಲ್ಲಿ ಜಗಳವಾಯಿತು ಎಂಬ ಮಾತು ಜನ್ಮವಿಡೀ ಅವಳ ಬೆನ್ನಿಗೆ ಬೇಡ ಎನ್ನಿಸಿತು. ಕೀ ನಿನ್ನ ಕೈಗೆ ಹಾಕಿದೆ. ಮುಂದಿನ ಬಾಗಿಲು ತೆರೆದು ನಾನೇ ಅವಳನ್ನು ಕೂರಿಸಿದೆ, ಕಣ್ಣೊರೆಸಿ "ಹಸ್ ದೇ ಬೇಟಾ, ಫೋಟೋ ನಿಕಾಲ್ ರಹೇ ಹೈ" ಎಂದೆ. ಪಾಪ, ನಕ್ಕಳು.

ನಿನ್ನ ತಮ್ಮ ಬಂದು ಕೂತ. ಮೊದಲು ಕಾಲಿನ ಹತ್ತಿರ ಗೇರು ಹುಡುಕಿದ. ಸ್ಟೀರಿಂಗಿನ ಪಕ್ಕ ಇದೆ ಎಂದು ಯಾರೋ ತೋರಿಸಿದಾಗ ಸೀದಾ ಮೇಲಕ್ಕೆ ತಳ್ಳಿದ. ಸೀದಾ ತಳ್ಳಿದರೆ ಅದು ಮೂರನೆಯದು. ವ್ಯಾನು ಬಿಟ್ಟವರೆಲ್ಲ ಫಿಯಟ್ಟಿನಲ್ಲಿ ಮಾಡುವ ತಪ್ಪು ಅದೇ. ಗಾಡಿ ಒಮ್ಮೆ ಜಿಗಿದು ನಿಂತಿತು. ಮತ್ತೆ ಸ್ಟಾರ್ಟು ಮಾಡಿದ, ಮತ್ತೆ ನಿಂತಿತು. ಸ್ಟಾರ್ಟು ಮಾಡಲು ಎಳೆದ ಚೋಕನ್ನು ಮತ್ತೆ ಒಳಗೆ ತಳ್ಳಬೇಕೆಂದು ಗೊತ್ತಿಲ್ಲ, ಹಿಂದಿನಿಂದ ಕಪ್ಪು ಹೊಗೆ. "ಅಯ್ಯೋ, ಹೊರಡುವಾಗಲೇ ನಿಂತಿತಲ್ಲ!" ಎಂದು ಹೆಂಗಸರು ಗುಸುಗುಸು ಮಾಡಿದರು. ಸತ್ಯಮ್ಮ ಮತ್ತೊಂದು ತೆಂಗಿನಕಾಯಿ ತರಿಸಿ ಒಡೆಸಿದರು. ಒಡೆಸುವಾಗ ಎಲ್ಲರೂ ಯಾರ ಕಡೆ ನೋಡಿದರು ಹೇಳು? ನನ್ನ ಕಡೆ. ನೀನೂ ನೋಡಿದೆ ವಾರಿಜಾ, ಇಲ್ಲವೆನ್ನಬೇಡ. ನನ್ನ ಮೈ ಹತ್ತಿ ಉರಿಯಿತು. ಗಾಡಿ ನಿಂತದ್ದು ಮೂರನೇ ಗೇರಿನಿಂದ, ನನ್ನ ದೃಷ್ಟಿಯಿಂದಲ್ಲ! ನಾನು ಫುಟ್‌ಪಾತಿನಿಂದಲೇ ಕಿರುಚಿದೆ, "ನಿನ್ನ ಕಡೆ ಎಳ್ಕೊಂಡು ಮೇಲೆ ಹಾಕು ಮಾರಾಯ! ಚೋಕು ಒಳಗೆ ತಳ್ಳು!" ಆಗ ಹೊರಟಿತು. ಹೆಂಗಸರು ತೆಂಗಿನಕಾಯಿಯಿಂದ ಹೊರಟಿತೆಂದರು.

ಬಸ್ಸಿಗೆ ನಾನು ಹತ್ತಲಿಲ್ಲ, ರಿಕ್ಷಾದಲ್ಲಿ ವಾಶಿಯ ಮದುವೆ ಹಾಲಿಗೆ ಬಂದೆ. ಹಾಲಿನ ಕೊನೆಯ ಸಾಲಿನಲ್ಲಿ ನಿಂತು, ಧಾರೆಯಾಗುವಾಗ ಅಲ್ಲಿಂದಲೇ ಅಕ್ಕಿಕಾಳು ಎಸೆದೆ. ಯಾರ ತಲೆಯ ಮೇಲೆ ಬಿತ್ತೋ ಗೊತ್ತಿಲ್ಲ. ಊಟದ ಪಂಕ್ತಿಗೆ ನಿಲ್ಲಲಿಲ್ಲ. ಕಲ್ಯಾಣಕ್ಕೆ ಹೋಗುವ ಸರ್ಕಾರಿ ಎಸ್ಟಿ ಬಸ್ಸು ಹಿಡಿದು, ರೇಷ್ಮೆ ಸೀರೆಯಲ್ಲಿ ಶಿಳ್‌ಫಾಟಾದವರೆಗೆ ನಿಂತುಕೊಂಡೇ ಬಂದೆ. ಆ ರಸ್ತೆಯಲ್ಲಿ ನಾನು ಬಸ್ಸಿನಲ್ಲಿ ಹೋದದ್ದು ಅದೇ ಮೊದಲು. ಊಟ ಮಾಡದೆ ಯಾಕೆ ಹೋದಿರಿ ಎಂದು ಕೇಳಿದ್ದೀಯಲ್ಲ, ಉತ್ತರ ಸಿಕ್ಕಿತೇ?

ನಿನ್ನ ತಮ್ಮ ಕಾರು ತಂದು ಕೆಳಗೆ ನಿಲ್ಲಿಸಿ, ವಾಚ್‌ಮನ್ ಕೈಗೆ ಕೀ ಕೊಟ್ಟು ಹೋದ. ಮೇಲೆ ಬರುವ ಮುಖ ಇರಲಿಲ್ಲ. ಗೇರಿನ ರಾಡು ಸಡಿಲವಾಗಿ ಎರಡನೆಯದು ಬೀಳುವುದೇ ಇಲ್ಲ. ಜಟ್ಟೆಪ್ಪ ನೋಡಿ, "ಯಾರ್ರೀ ಅಕ್ಕಾರ ಇದನ್ನ ನಡಸಿದವ್ರು? ಎತ್ತಿನ ಮೂಗುದಾಣ ಎಳದಂಗ ಎಳದಾರಲ್ರಿ" ಎಂದ. ನಮ್ಮ ಜನವೇ ಎಂದೆ. ಮನೀಷ ಮಾತ್ರ "ಜಾನೇ ದೋ ಮಮ್ಮಿ, ಅಬ್ ತೋ ಬೇಚ್ ಹೀ ದೋ" ಎಂದು ಮತ್ತೆ ಮಾರುವ ಮಾತೇ ತೆಗೆದ. ಅವನಿಗೂ ಸರಿಯಾಗಿ ಬೈದೆ. ಈ ಗಾಡಿ ಓಡುವವರೆಗೆ ನಾನು ಬಿಡುತ್ತೇನೆ, ಇದು ಮುಗಿದರೆ ಮತ್ತೊಂದು ಫಿಯಟ್ಟೇ ಹುಡುಕುತ್ತೇನೆ. ಎಲ್ಲರೂ ಬಿಟ್ಟುಹೋದರೆಂದು ನಾನೂ ಬಿಡಬೇಕೇ?

ಇನ್ನು ನಿನ್ನ ಸೀರೆ. ಮದುವೆಗೆ ಬಂದ ಹೆಂಗಸರಿಗೆಲ್ಲ ಜರಿಯಂಚಿನ ಕೆಂಪು ಹಳದಿ ಕೊಟ್ಟಿದ್ದೀಯೆಂದು ಇಲ್ಲಿಯವರು ತೋರಿಸಿದರು. ನನಗೆ ಬೂದಿಯ ಬಣ್ಣದ್ದು. ಅಂಗಡಿಯಲ್ಲಿ ನಿಂತು ಆರಿಸಿದವಳು ನೀನೇ ಇರಬೇಕು, ನನ್ನ ಬಣ್ಣ ಯಾವುದೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಕಾಗದದ ಜೊತೆ ಅದನ್ನು ತಿರುಗಿ ಕಳಿಸಿದ್ದೇನೆ. ಲಾಡು ದಿಶಾಳ ಮದುವೆಯದ್ದು, ಅದನ್ನು ತಿಂದೆ.

ಅವಳೂ ಅಳಿಯನೂ ನೂರು ವರ್ಷ ಸುಖವಾಗಿ ಬಾಳಲಿ, ಮನೆ ತುಂಬ ಮಕ್ಕಳಾಗಲಿ. ಇದನ್ನು ಮಾತ್ರ ಸಿಟ್ಟಿಲ್ಲದೆ ಬರೆಯುತ್ತಿದ್ದೇನೆ. ಅವಳು ಯಾವಾಗ ಕರೆದರೂ ನಾನು ಬರುತ್ತೇನೆ ಎಂದು ಹೇಳು. ನೀನು ಕರೆಯಬೇಡ.

ಜಯಲತಾ

ವಿ.ಸೂ.: ಇಷ್ಟು ಬರೆದು ಕವರು ಅಂಟಿಸಿದ್ದೆ, ಮತ್ತೆ ಒಡೆದೆ. ಒಂದು ವಿಷಯ ನಾನು ಯಾರಿಗೂ ಹೇಳಿಲ್ಲ, ಮನೀಷನಿಗೂ. ಇವರು ಹೋದದ್ದು ಆಸ್ಪತ್ರೆಯಲ್ಲಿ ಅಲ್ಲ. ಎದೆನೋವು ಎಂದ ಕೂಡಲೇ ಕಾರಿನಲ್ಲಿ ಕೂರಿಸಿಕೊಂಡು ಠಾಣೆಗೆ ಹೊರಟೆ. ಗಣಪತಿ ಬಿಡುವ ದಿನ, ರಸ್ತೆ ತುಂಬ ಜನ. ಮುಂಬ್ರಾಕ್ಕೆ ಬರುವ ಮೊದಲು "ಜಯಾ, ಕಿಟಕಿಯ ಆ ಸಣ್ಣ ಗ್ಲಾಸು ಸ್ವಲ್ಪ ತಿರುಗಿಸು, ಗಾಳಿ ಬರ್ಲಿ" ಎಂದರು. ಕೈಚಾಚಿ ತಿರುಗಿಸಿದೆ. ಆಮೇಲೆ ಮಾತಿಲ್ಲ. ಆಸ್ಪತ್ರೆಯ ಬಾಗಿಲವರೆಗೂ ನಾನು ಅವರೊಡನೆ ಮಾತಾಡುತ್ತಲೇ ಕಾರು ಬಿಟ್ಟೆ. ನಿಜ ಹೇಳಿದರೆ ನೀವೆಲ್ಲ ಸೇರಿ ಆ ಕಾರನ್ನು ಮಾರಿಸಿಬಿಡುತ್ತೀರೆಂದು ಡಾಕ್ಟರರ ಕೈಯಲ್ಲಿ ಹೋದರು ಎಂದೆ.

ಇವರು ಪ್ರಾಣ ಬಿಟ್ಟದ್ದು ಮುಂದಿನ ಸೀಟಿನಲ್ಲಿ. ಮದುವೆಯ ದಿನ ದಿಶಾ ಕೂತದ್ದು ಅಲ್ಲೇ. ನೀನು ಕೀ ಕೇಳಿದಾಗ ಈ ಮಾತು ನನ್ನ ನಾಲಿಗೆಯ ಮೇಲಿತ್ತು ವಾರಿಜಾ. ಆಡಿದ್ದರೆ ಸತ್ಯಮ್ಮ ಕಾರಿನ ಹೂವು ಕಿತ್ತೆಸೆದು, ಎಲ್ಲರನ್ನೂ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಿನಗೆ ನನ್ನ ಮುಖ ನೋಡಿ ಹೆದರಿಕೆ, ನನಗೆ ಆ ಸೀಟಿನ ಹೆದರಿಕೆ ಒಂದು ದಿನವೂ ಆಗಿಲ್ಲ. ದಿಶಾಳನ್ನು ಎತ್ತಿ ಆಡಿಸಿದವರು ಅಲ್ಲಿ ಕೂತಿದ್ದರು, ಅವಳಿಗೆ ಏನೂ ಆಗುವುದಿಲ್ಲ. ಫೋಟೋದಲ್ಲಿ ಅವಳು ನಗುತ್ತಿದ್ದಾಳಂತೆ, ಎಲ್ಲರಿಗೂ ತೋರಿಸುತ್ತಿದ್ದೀಯಂತೆ. ತೋರಿಸು. ಒಂದು ಮಾತಿನಲ್ಲಿ ಆ ಮದುವೆಯನ್ನು ನಿಲ್ಲಿಸಬಹುದಾಗಿದ್ದವಳು ಬಾಯಿಮುಚ್ಚಿಕೊಂಡು ಬಸ್ಸಿನಲ್ಲಿ ಮನೆಗೆ ಬಂದಳು ಎಂದೂ ಹೇಳು.